ಏಲಕ್ಕಿ ರೇಟು ಇಳಿಸುವ ದೇಶ – ಗ್ವಾಟೆಮಾಲದ ಚರಿತ್ರೆ ಮತ್ತು ಜನ

 

ನಮ್ಮೂರಲ್ಲಿ ಏಲಕ್ಕಿ ತೋಟ ಇರುವ ಮನೆಯವರಿಗೆಲ್ಲ ಒಂದು ದೇಶದ ಹೆಸರು ಚೆನ್ನಾಗಿ ಗೊತ್ತು. ಆ ದೇಶ ಎಲ್ಲಿದೆ ಅಂತ ಮಾತ್ರ ಯಾರಿಗೂ ಗೊತ್ತಿಲ್ಲ. ಹೋದ ಸಲ ಅಪ್ಪ ಏಲಕ್ಕಿ ಚೀಲ ತಗೊಂಡು ಪೇಟೆಗೆ ಹೋಗಿದ್ದವರು ಸಂಜೆ ಬಂದು ಮುಖ ಸಪ್ಪಗೆ ಮಾಡಿಕೊಂಡು ಜಗಲಿ ಮೇಲೆ ಕೂತರು. "ಯಾಕಪ್ಪಾ?" ಅಂತ ಕೇಳಿದೆ. "ಗ್ವಾಟೆಮಾಲದಲ್ಲಿ ಬೆಳೆ ಜೋರಂತೆ ಕಣಮ್ಮಾ, ಅದಕ್ಕೇ ಇಲ್ಲಿ ರೇಟು ಬಿದ್ದಿದೆ ಅಂತ ವ್ಯಾಪಾರಿ ಹೇಳಿದ" ಅಂದರು. ಅಜ್ಜಿ ಒಳಗಿನಿಂದಲೇ "ಆ ಹಾಳಾದ ಊರಿನವರಿಗೆ ಬೇರೆ ಬೆಳೆ ಸಿಗಲಿಲ್ಲವಾ?" ಅಂತ ಬೈದರು. ನನಗೂ ಸಿಟ್ಟು ಬಂತು.

ಆಮೇಲೆ ಯೋಚನೆ ಮಾಡಿದೆ. ಬೈಯುವುದಕ್ಕೆ ಮೊದಲು ಅವರು ಯಾರು ಅಂತ ತಿಳಿದುಕೊಳ್ಳಬೇಕಲ್ಲ? ಸಮಾಜ ಮೇಷ್ಟ್ರನ್ನು ಕೇಳಿ, ಭೂಪಟ ನೋಡಿ, ಓದಿ ತಿಳಿದದ್ದನ್ನು ಇಲ್ಲಿ ಬರೆದಿದ್ದೇನೆ. ದಯವಿಟ್ಟು ಕೊನೆಯವರೆಗೂ ಓದಿ.

ಎಲ್ಲಿದೆ ಈ ದೇಶ?

ಉತ್ತರ ಅಮೆರಿಕ ಮತ್ತು ದಕ್ಷಿಣ ಅಮೆರಿಕ ಖಂಡಗಳ ನಡುವೆ ಸೊಂಟದ ಹಾಗೆ ಸಣ್ಣಗಿರುವ ಭಾಗಕ್ಕೆ ಮಧ್ಯ ಅಮೆರಿಕ ಅನ್ನುತ್ತಾರೆ. ಅಲ್ಲಿ ಏಳು ದೇಶಗಳಿವೆ. ಅವುಗಳಲ್ಲಿ ಹೆಚ್ಚು ಜನ ಇರುವುದು ಗ್ವಾಟೆಮಾಲದಲ್ಲಿ. ಅದರ ಉತ್ತರಕ್ಕೂ ಪಶ್ಚಿಮಕ್ಕೂ ಮೆಕ್ಸಿಕೊ, ಪೂರ್ವಕ್ಕೆ ಬೆಲೀಜ್, ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ಇವೆ. ಒಂದು ಕಡೆ ಪೆಸಿಫಿಕ್ ಸಾಗರ, ಇನ್ನೊಂದು ಕಡೆ ಕೆರಿಬಿಯನ್ ಸಮುದ್ರ. ವಿಸ್ತೀರ್ಣ 1,08,889 ಚದರ ಕಿಲೋಮೀಟರ್. ಅಂದರೆ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ನಾವು ಬೆಳಿಗ್ಗೆ ಒಂಬತ್ತೂವರೆಗೆ ಪ್ರಾರ್ಥನೆಗೆ ನಿಂತಾಗ ಅಲ್ಲಿ ಹಿಂದಿನ ದಿನದ ರಾತ್ರಿ ಹತ್ತು ಗಂಟೆ!

ಭೂಪಟದಲ್ಲಿ ಅಡ್ಡಗೆರೆ ಹಿಡಿದು ಬೆರಳು ಓಡಿಸಿ ನೋಡಿ. ಗ್ವಾಟೆಮಾಲ ಮತ್ತು ಕರ್ನಾಟಕ ಹೆಚ್ಚುಕಮ್ಮಿ ಒಂದೇ ಅಕ್ಷಾಂಶದ ಸಾಲಿನಲ್ಲಿವೆ. ಅಲ್ಲೂ ಬೆಟ್ಟ, ಅಲ್ಲೂ ಕಾಡು, ಅಲ್ಲೂ ಮಳೆ. ಕೋಬಾನ್ ಅನ್ನುವ ಬೆಟ್ಟದೂರಿನಲ್ಲಿ ಬಿಡದೆ ಬೀಳುವ ಸಣ್ಣ ಹನಿಗೆ ಅವರು 'ಚಿಪಿಚಿಪಿ' ಅನ್ನುತ್ತಾರಂತೆ. ನಾವು 'ಜಿಟಿಜಿಟಿ' ಅನ್ನುವುದಿಲ್ಲವೇ, ಹಾಗೆ. ಆದರೆ ನಮ್ಮಲ್ಲಿ ಇಲ್ಲದ ಒಂದು ವಸ್ತು ಅಲ್ಲಿದೆ: ಬೆಂಕಿ ಕಾರುವ ಬೆಟ್ಟಗಳು. ತಾಹುಮುಲ್ಕೊ ಅನ್ನುವ ಜ್ವಾಲಾಮುಖಿ 4,220 ಮೀಟರ್ ಎತ್ತರವಿದ್ದು, ಇಡೀ ಮಧ್ಯ ಅಮೆರಿಕದಲ್ಲೇ ಎತ್ತರದ ಶಿಖರ. ಭೂಕಂಪವೂ ಆಗುತ್ತದೆ. 1976ರ ಫೆಬ್ರವರಿ 4ರ ಬೆಳಗಿನ ಜಾವ ಆದ ಭೂಕಂಪದಲ್ಲಿ ಸುಮಾರು 23 ಸಾವಿರ ಜನ ಸತ್ತರು.

ಮೆಕ್ಕೆಜೋಳದ ಮಕ್ಕಳು

ಗ್ವಾಟೆಮಾಲದ ಮೂಲದ ಜನ ಮಾಯಾ ಜನ. ದೇವರುಗಳು ಮೊದಲು ಮಣ್ಣಿನಿಂದ ಮನುಷ್ಯನನ್ನು ಮಾಡಿದರಂತೆ, ಕರಗಿಹೋದ. ಮರದಿಂದ ಮಾಡಿದರಂತೆ, ಅವನಿಗೆ ಮನಸ್ಸೇ ಇರಲಿಲ್ಲ. ಕೊನೆಗೆ ಮೆಕ್ಕೆಜೋಳದ ಹಿಟ್ಟಿನಿಂದ ಮಾಡಿದ ಮೇಲೆ ಸರಿಯಾದ ಮನುಷ್ಯ ಆದನಂತೆ. ಈ ಕಥೆ ಕಿಚೆ ಅನ್ನುವ ಮಾಯಾ ಪಂಗಡದವರ 'ಪೊಪೊಲ್ ವುಹ್' ಗ್ರಂಥದಲ್ಲಿದೆ.

ಕ್ರಿ.ಶ. 250ರಿಂದ 900ರವರೆಗೆ ಮಾಯಾ ಜನರ ದೊಡ್ಡ ಕಾಲ. ಉತ್ತರದ ದಟ್ಟ ಕಾಡಿನಲ್ಲಿರುವ ತಿಕಾಲ್ ಪಟ್ಟಣದಲ್ಲಿ ಅವರು ಕಟ್ಟಿದ ಕಲ್ಲಿನ ಗುಡಿಗಳು ಇಂದಿಗೂ ಮರಗಳ ಮೇಲೆ ತಲೆ ಎತ್ತಿ ನಿಂತಿವೆ. ಅಲ್ಲಿಯ ನಾಲ್ಕನೇ ಗುಡಿ 60 ಮೀಟರಿಗಿಂತ ಎತ್ತರ. ನನಗೆ ಬಹಳ ಆಶ್ಚರ್ಯವಾದ ವಿಷಯ ಬೇರೆ. ಆ ಗುಡಿಗಳ ಬಾಗಿಲ ಮೇಲಿನ ತೊಲೆಗಳು ಸಪೋಟ ಮರದವು! ಸಪೋಟ ಹಣ್ಣಿನ ತೌರುಮನೆ ಮೆಕ್ಸಿಕೊ ಮತ್ತು ಗ್ವಾಟೆಮಾಲದ ಕಡೆಯ ಕಾಡುಗಳೇ. ಕೆತ್ತನೆ ಮಾಡಿದ ಆ ತೊಲೆಗಳು 1200 ವರ್ಷ ಕಳೆದರೂ ಹುಳ ಹಿಡಿಯದೆ ಉಳಿದಿವೆ. ನಾವು ಕಲ್ಲು ಹೊಡೆದು ಹಣ್ಣು ಬೀಳಿಸುವ ಮರ ಅಷ್ಟು ದೂರದಿಂದ ಬಂದದ್ದು ಅಂತ ಎಷ್ಟು ಜನಕ್ಕೆ ಗೊತ್ತಿತ್ತು?

ಮಾಯಾ ಜನರಿಗೆ ಸೊನ್ನೆ ಗೊತ್ತಿತ್ತು. ಅವರು ಯಾರಿಂದಲೂ ಕಲಿಯದೆ ತಾವಾಗಿಯೇ ಕಂಡುಹಿಡಿದರು. ಅವರ ಲೆಕ್ಕ ಹತ್ತರ ಲೆಕ್ಕವಲ್ಲ, ಇಪ್ಪತ್ತರ ಲೆಕ್ಕ. ಒಂದು ಚುಕ್ಕೆ ಅಂದರೆ 1, ಒಂದು ಅಡ್ಡಗೆರೆ ಅಂದರೆ 5, ಒಂದು ಚಿಪ್ಪು ಅಂದರೆ ಸೊನ್ನೆ. ಕೆಳಗಿನ ಸಾಲಿನಲ್ಲಿ ಬಿಡಿ, ಅದರ ಮೇಲಿನ ಸಾಲಿನಲ್ಲಿ ಇಪ್ಪತ್ತುಗಳು. ಮೇಲೆ ಒಂದು ಚುಕ್ಕೆ, ಕೆಳಗೆ ಚಿಪ್ಪು ಇದ್ದರೆ 20. ಮೇಲೆ ಎರಡು ಚುಕ್ಕೆ, ಕೆಳಗೆ ಒಂದು ಗೆರೆ ಮತ್ತು ಎರಡು ಚುಕ್ಕೆ ಇದ್ದರೆ 47. ಹಾಗಾದರೆ ಮೇಲೆ ಮೂರು ಚುಕ್ಕೆ, ಕೆಳಗೆ ಎರಡು ಗೆರೆ ಇದ್ದರೆ ಎಷ್ಟು? ನೋಟ್ ಪುಸ್ತಕದಲ್ಲಿ ಮಾಡಿ ನೋಡಿ. ಉತ್ತರ ಕೊನೆಯಲ್ಲಿದೆ.

ಸ್ಪೇನಿನವರು ಬಂದರು

1524ರಲ್ಲಿ ಪೆದ್ರೊ ದೆ ಅಲ್ವರಾದೊ ಅನ್ನುವ ಸ್ಪೇನಿನ ದಂಡನಾಯಕ ಕುದುರೆ, ಬಂದೂಕುಗಳ ಜೊತೆ ಬಂದ. ಮಾಯಾ ರಾಜ್ಯಗಳು ತಮ್ಮತಮ್ಮಲ್ಲೇ ಜಗಳವಾಡುತ್ತಿದ್ದವು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅನ್ನುವ ಹಾಗಾಯಿತು. ಕತ್ತಿಗಿಂತ ಹೆಚ್ಚು ಜನರನ್ನು ಕೊಂದದ್ದು ಸಿಡುಬು. ಆ ರೋಗ ಆ ಖಂಡದಲ್ಲಿ ಮೊದಲು ಇರಲೇ ಇಲ್ಲ. ಮುಂದಿನ ನೂರು ವರ್ಷದಲ್ಲಿ ಅಲ್ಲಿನ ಮೂಲಜನರಲ್ಲಿ ಹೆಚ್ಚುಪಾಲು ಜನ ರೋಗದಿಂದ ಮತ್ತು ಬಿಟ್ಟಿ ದುಡಿಮೆಯಿಂದ ನಾಶವಾದರು.

ಕೋಬಾನ್ ಇರುವ ಬೆಟ್ಟಸೀಮೆಯ ಕೆಕ್ಚಿ ಜನ ಮಾತ್ರ ಯುದ್ಧದಲ್ಲಿ ಬಗ್ಗಲಿಲ್ಲ. ಕೊನೆಗೆ ಬಾರ್ತೊಲೊಮೆ ದೆ ಲಾಸ್ ಕಾಸಾಸ್ ಅನ್ನುವ ಪಾದ್ರಿಗಳು ಸೈನ್ಯ ಬೇಡ ಅಂತ ಹೇಳಿ, ತಮ್ಮ ಕಡೆಯ ಸನ್ಯಾಸಿಗಳನ್ನೇ ಕರಕೊಂಡು ಮಾತಿನಿಂದ ಆ ಜನರನ್ನು ಒಲಿಸಿದರು. ಅದಕ್ಕೇ ಆ ಸೀಮೆಗೆ 'ವೆರಾಪಾಸ್' ಅಂತ ಹೆಸರು ಬಂತು. ಅಂದರೆ 'ನಿಜವಾದ ಶಾಂತಿ'. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಸುಮಾರು 300 ವರ್ಷ ಸ್ಪೇನಿನವರು ಆಳಿದರು. 1821ರ ಸೆಪ್ಟೆಂಬರ್ 15ರಂದು ದೇಶ ಸ್ವತಂತ್ರವಾಯಿತು. ಸ್ವಲ್ಪ ಕಾಲ ಮೆಕ್ಸಿಕೊ ಜೊತೆ ಇದ್ದು, ಆಮೇಲೆ ಮಧ್ಯ ಅಮೆರಿಕದ ಒಕ್ಕೂಟದಲ್ಲಿ ಇದ್ದು, ಕೊನೆಗೆ ತಾನೇ ಒಂದು ದೇಶವಾಯಿತು. ಆದರೆ ಸ್ವಾತಂತ್ರ್ಯ ಸಿಕ್ಕಿದ್ದು ಅಲ್ಲೇ ಹುಟ್ಟಿದ ಸ್ಪೇನ್ ವಂಶದ ಜಮೀನ್ದಾರರಿಗೆ. ಮಾಯಾ ಜನರ ಪಾಡು ಹಾಗೇ ಉಳಿಯಿತು.

ಕಾಫಿ ಮತ್ತು ಬಾಳೆ

1871ರ ಮೇಲೆ ಕಾಫಿಯ ಕಾಲ ಬಂತು. ಹುಸ್ತೊ ರುಫಿನೊ ಬಾರಿಯೊಸ್ ಅನ್ನುವ ಅಧ್ಯಕ್ಷರು ಕಾಫಿ ಬೆಳೆಸಬೇಕು, ದೇಶ ಮುಂದೆ ಬರಬೇಕು ಅಂದರು. ಹಳ್ಳಿಯವರು ಒಟ್ಟಾಗಿ ಉಳುತ್ತಿದ್ದ ಊರೊಟ್ಟಿನ ಜಮೀನು ಕಾಫಿ ತೋಟದವರ ಪಾಲಾಯಿತು. ಜಮೀನು ಹೋದವರು ಅದೇ ತೋಟಕ್ಕೆ ಕೂಲಿಗೆ ಬರಬೇಕು ಅಂತ 1877ರಲ್ಲಿ ಕಾನೂನು ಬಂತು. ಕೂಲಿಯವನಿಗೆ ಮುಂಗಡ ಕೊಡುವುದು, ಆ ಸಾಲ ತೀರದ ಹಾಗೆ ನೋಡಿಕೊಳ್ಳುವುದು, ಇದೇ ಉಪಾಯ. ವೆರಾಪಾಸ್ ಸೀಮೆಯಲ್ಲಿ ಜರ್ಮನಿಯಿಂದ ಬಂದವರು ದೊಡ್ಡ ದೊಡ್ಡ ಕಾಫಿ ತೋಟ ಮಾಡಿದರು. ಕೆಕ್ಚಿ ಜನ ತಮ್ಮ ನೆಲದಲ್ಲೇ ಆಳುಗಳಾದರು.

ಆಮೇಲೆ ಬಂದದ್ದು ಬಾಳೆಹಣ್ಣು. ಅಮೆರಿಕದ ಯುನೈಟೆಡ್ ಫ್ರೂಟ್ ಕಂಪನಿ ಬಾಳೆ ತೋಟ ಮಾಡಿತು. ರೈಲು ಅವರ ಹಿಡಿತದಲ್ಲಿ, ಬಂದರು ಅವರ ಹಿಡಿತದಲ್ಲಿ. ಜನ ಆ ಕಂಪನಿಗೆ 'ಎಂಟು ಕಾಲಿನ ಆಕ್ಟೋಪಸ್' ಅಂತ ಅಡ್ಡಹೆಸರು ಇಟ್ಟಿದ್ದರು. 1931ರಿಂದ 1944ರವರೆಗೆ ಆಳಿದ ಸರ್ವಾಧಿಕಾರಿ ಹೊರ್ಹೆ ಉಬಿಕೊ 1934ರಲ್ಲಿ ಇನ್ನೊಂದು ಕಾನೂನು ತಂದ. ಸಾಕಷ್ಟು ಜಮೀನು ಇಲ್ಲದವನು ವರ್ಷಕ್ಕೆ 100ರಿಂದ 150 ದಿನ ಬೇರೆಯವರ ತೋಟದಲ್ಲಿ ದುಡಿಯಲೇಬೇಕು. ದುಡಿದ ದಿನಗಳನ್ನು ಬರೆಸಿದ ಪುಸ್ತಕ ಜೇಬಿನಲ್ಲಿ ಇಲ್ಲದಿದ್ದರೆ ಸೋಮಾರಿ ಅಂತ ಹಿಡಿದು ಜೈಲಿಗೆ!

ಹತ್ತು ವರ್ಷದ ಬೆಳಕು

1944ರಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು, ಕೆಲವು ತರುಣ ಸೈನಿಕರು ಸೇರಿ ಸರ್ವಾಧಿಕಾರವನ್ನು ಕಿತ್ತುಹಾಕಿದರು. ಚುನಾವಣೆಯಲ್ಲಿ ಗೆದ್ದು 1945ರಲ್ಲಿ ಅಧ್ಯಕ್ಷರಾದವರು ಹುವಾನ್ ಹೊಸೆ ಅರೆವಾಲೊ. ಅವರು ಯಾರು ಗೊತ್ತೇ? ಒಬ್ಬ ಮೇಷ್ಟ್ರು, ಶಿಕ್ಷಣಶಾಸ್ತ್ರದ ಪ್ರಾಧ್ಯಾಪಕರು. ಬಲವಂತದ ದುಡಿಮೆಯ ಕಾನೂನು ಹೋಯಿತು. 1947ರಲ್ಲಿ ಕಾರ್ಮಿಕರ ಕಾನೂನು ಬಂತು.

ಅವರ ನಂತರ 1951ರಲ್ಲಿ ಹಾಕೊಬೊ ಆರ್ಬೆನ್ಸ್ ಬಂದರು. ಆಗ ನೂರು ಜಮೀನ್ದಾರರಲ್ಲಿ ಇಬ್ಬರ ಕೈಯಲ್ಲೇ ನೂರಕ್ಕೆ 70 ಪಾಲು ಸಾಗುವಳಿ ಭೂಮಿ ಇತ್ತು. 1952ರ ಜೂನ್ 17ರಂದು ಭೂಸುಧಾರಣೆ ಕಾನೂನು ಬಂತು. ದೊಡ್ಡ ಒಡೆಯರು ಪಾಳು ಬಿಟ್ಟ ಜಮೀನನ್ನು ಪರಿಹಾರ ಕೊಟ್ಟು ತಗೊಂಡು ಬಡವರಿಗೆ ಹಂಚುವುದು. ಸುಮಾರು ಒಂದು ಲಕ್ಷ ಕುಟುಂಬಗಳಿಗೆ ಜಮೀನು ಸಿಕ್ಕಿತು.

ಈಗ ಒಂದು ತಮಾಷೆ ಕೇಳಿ. ಬಾಳೆ ಕಂಪನಿಯ ಪಾಳು ಜಮೀನಿಗೆ ಸರ್ಕಾರ ಸುಮಾರು 6 ಲಕ್ಷ 27 ಸಾವಿರ ಡಾಲರ್ ಕೊಡುತ್ತೇವೆ ಅಂದಿತು. ಅದು ಸರ್ಕಾರ ಕಟ್ಟಿದ ಬೆಲೆಯಲ್ಲ. ತೆರಿಗೆ ಕಮ್ಮಿ ಬರಲಿ ಅಂತ ಕಂಪನಿಯೇ ಬರೆಸಿಕೊಟ್ಟಿದ್ದ ಬೆಲೆ! ಅಮೆರಿಕ ಸರ್ಕಾರ ಕಂಪನಿ ಪರವಾಗಿ ಕೇಳಿದ್ದು 1 ಕೋಟಿ 58 ಲಕ್ಷ ಡಾಲರ್. ತೆರಿಗೆ ಕಟ್ಟುವಾಗ ಒಂದು ಬೆಲೆ, ಹಣ ತಗೊಳ್ಳುವಾಗ ಇನ್ನೊಂದು ಬೆಲೆ.

ಈ ತಮಾಷೆಯ ಕೊನೆ ಮಾತ್ರ ಅಳು. ಆರ್ಬೆನ್ಸ್ ಕಮ್ಯುನಿಸ್ಟರ ಕಡೆ ವಾಲಿದ್ದಾರೆ ಅಂತ ಅಮೆರಿಕ ಆರೋಪ ಹೊರಿಸಿತು. 1954ರ ಜೂನ್‌ನಲ್ಲಿ ಅಮೆರಿಕದ ಗೂಢಚಾರ ಸಂಸ್ಥೆ ಸಿ.ಐ.ಎ. ಸಹಾಯದಿಂದ ಅವರನ್ನು ಕೆಳಗಿಳಿಸಿದರು. ಹಂಚಿದ ಜಮೀನಿನ ಬಹುಪಾಲು ಮತ್ತೆ ಹಳೆಯ ಒಡೆಯರಿಗೆ ಹೋಯಿತು.

36 ವರ್ಷದ ಯುದ್ಧ

1960ರಿಂದ 1996ರವರೆಗೆ ಸೈನ್ಯಕ್ಕೂ ಬಂಡಾಯಗಾರರಿಗೂ ಯುದ್ಧ ನಡೆಯಿತು. ಸತ್ತವರು, ಕಾಣೆಯಾದವರು ಸೇರಿ ಎರಡು ಲಕ್ಷಕ್ಕೂ ಹೆಚ್ಚು ಜನ ಅಂತ ಸತ್ಯಶೋಧನಾ ಆಯೋಗ 1999ರಲ್ಲಿ ವರದಿ ಕೊಟ್ಟಿತು. ಗುರುತು ಸಿಕ್ಕವರಲ್ಲಿ ನೂರಕ್ಕೆ 83 ಜನ ಮಾಯಾ ಜನರು. ಸೈನ್ಯವು 626 ಸಾಮೂಹಿಕ ಹತ್ಯೆಗಳನ್ನು ಮಾಡಿತು ಅಂತ ಆಯೋಗ ದಾಖಲಿಸಿತು. ಊರಿಗೆ ಊರೇ ಸುಟ್ಟವು. ಬಹಳ ಜನ ಗಡಿ ದಾಟಿ ಮೆಕ್ಸಿಕೊಗೆ ಓಡಿದರು.

ಎರಡು ಲಕ್ಷ ಅಂದರೆ ಬರೀ ಅಂಕಿ ಅನ್ನಿಸುತ್ತದೆ. ಅದಕ್ಕೇ ಒಬ್ಬರ ವಿಷಯ ಹೇಳುತ್ತೇನೆ. ಆಗಲೇ 'ನಿಜವಾದ ಶಾಂತಿ' ಅಂತ ಹೆಸರಿನ ಸೀಮೆ ನೆನಪಿಟ್ಟುಕೊಳ್ಳಿ ಅಂದೆನಲ್ಲ, ಅಲ್ಲಿ ಪಾನ್ಸೋಸ್ ಅಂತ ಒಂದು ಊರಿದೆ. ಅಲ್ಲಿನ ಕೆಕ್ಚಿ ರೈತರಿಗೆ ತಾವು ಉಳುವ ನೆಲದ ಪತ್ರ ಇರಲಿಲ್ಲ. ಅವರ ಮುಂದಾಳು ಅದೆಲಿನಾ ಕಾಲ್ ಅನ್ನುವ ವಯಸ್ಸಾದ ಹೆಂಗಸು. ಎಲ್ಲರೂ ಪ್ರೀತಿಯಿಂದ 'ಮಾಕಿನ್ ಅಮ್ಮ' ಅನ್ನುತ್ತಿದ್ದರು. 1978ರ ಮೇ 29ರಂದು ಅವರೆಲ್ಲ ಜಮೀನಿನ ವಿಷಯ ಕೇಳಲು ಊರ ಚೌಕಕ್ಕೆ ಬಂದರು. ಸೈನಿಕರು ಗುಂಡು ಹಾರಿಸಿದರು. 50ಕ್ಕೂ ಹೆಚ್ಚು ಜನ ಅಲ್ಲೇ ಸತ್ತರು, ಮಾಕಿನ್ ಅಮ್ಮನೂ ಸತ್ತರು. 1990ರಲ್ಲಿ ಮೆಕ್ಸಿಕೊದ ನಿರಾಶ್ರಿತರ ಶಿಬಿರಗಳಲ್ಲಿದ್ದ ಹೆಂಗಸರು ತಮ್ಮ ಸಂಘಕ್ಕೆ ಅವರ ಹೆಸರನ್ನೇ ಇಟ್ಟರು.

ಕಿಚೆ ಪಂಗಡದ ರಿಗೊಬೆರ್ತಾ ಮೆಂಚು ಅವರು ಅಪ್ಪ, ಅಮ್ಮ, ತಮ್ಮನನ್ನು ಈ ಯುದ್ಧದಲ್ಲಿ ಕಳಕೊಂಡರು. ತಮ್ಮ ಜನರ ಕಷ್ಟವನ್ನು ಲೋಕಕ್ಕೆಲ್ಲ ಹೇಳಿದರು. 1992ರಲ್ಲಿ ಅವರಿಗೆ ನೊಬೆಲ್ ಶಾಂತಿ ಬಹುಮಾನ ಸಿಕ್ಕಿತು. 1996ರ ಡಿಸೆಂಬರ್ 29ರಂದು ಶಾಂತಿ ಒಪ್ಪಂದವಾಗಿ ಯುದ್ಧ ಮುಗಿಯಿತು.

ನೂರು ಜನರ ಲೆಕ್ಕ

ಈಗ ಜನಸಂಖ್ಯೆಗೆ ಬರೋಣ. 1950ರಲ್ಲಿ ಗ್ವಾಟೆಮಾಲದ ಜನಸಂಖ್ಯೆ ಸುಮಾರು 28 ಲಕ್ಷ. 2018ರ ಜನಗಣತಿಯಲ್ಲಿ 1 ಕೋಟಿ 49 ಲಕ್ಷ. 68 ವರ್ಷದಲ್ಲಿ ಐದು ಪಟ್ಟು! ಆದರೂ ಒಂದು ಚದರ ಕಿಲೋಮೀಟರಿಗೆ 137 ಜನ ಅಷ್ಟೆ. ನಮ್ಮ ರಾಜ್ಯದಲ್ಲಿ 2011ರಲ್ಲೇ 319 ಇತ್ತು.

ದೊಡ್ಡ ಸಂಖ್ಯೆ ತಲೆಗೆ ಹತ್ತುವುದಿಲ್ಲ. ಅದಕ್ಕೆ ಇಡೀ ದೇಶವನ್ನು 100 ಜನರ ಒಂದು ಊರು ಅಂತ ಇಟ್ಟುಕೊಳ್ಳೋಣ. 2018ರ ಗಣತಿಯಲ್ಲಿ "ನೀವು ಯಾವ ಜನ?" ಅಂತ ಕೇಳಿದಾಗ ಅವರವರೇ ಹೇಳಿದ ಲೆಕ್ಕ ಇದು.

ಅವರಲ್ಲಿ 56 ಜನ ಲದಿನೊಗಳು. ಅಂದರೆ ಸ್ಪೇನ್ ಮತ್ತು ಮೂಲಜನರ ಬೆರಕೆ ವಂಶದವರು, ಸ್ಪ್ಯಾನಿಷ್ ಮಾತಾಡುವವರು. 42 ಜನ ಮಾಯಾ. ಇವರಲ್ಲಿ 11 ಜನ ಕಿಚೆ, 9 ಜನ ಕೆಕ್ಚಿ, 7 ಜನ ಕಕ್ಚಿಕೆಲ್, 6 ಜನ ಮಾಮ್, ಮಿಕ್ಕ 9 ಜನ ಬೇರೆ ಸಣ್ಣ ಸಣ್ಣ ಮಾಯಾ ಪಂಗಡದವರು. ಉಳಿದ 2 ಜನ ಶಿಂಕಾ ಅನ್ನುವ ಇನ್ನೊಂದು ಮೂಲಜನ. ಕೆರಿಬಿಯನ್ ಕರಾವಳಿಯಲ್ಲಿ ಗರಿಫುನಾ ಅನ್ನುವವರೂ ಇದ್ದಾರೆ. ಅವರು ಆಫ್ರಿಕದವರು ಮತ್ತು ದ್ವೀಪದ ಮೂಲಜನ ಬೆರೆತ ವಂಶ. 1797ರಲ್ಲಿ ಬ್ರಿಟಿಷರು ಅವರನ್ನು ಸೇಂಟ್ ವಿನ್ಸೆಂಟ್ ದ್ವೀಪದಿಂದ ಹೊರಹಾಕಿದ್ದರು. ಅವರು ಸಾವಿರಕ್ಕೆ ಒಬ್ಬರಷ್ಟು ಮಾತ್ರ, ಆದ್ದರಿಂದ ನಮ್ಮ 100ರ ಊರಿನಲ್ಲಿ ಕಾಣುವುದಿಲ್ಲ. ಕಾಣದಿದ್ದರೂ ಇದ್ದಾರೆ.

ಈ 100ರಲ್ಲಿ 33 ಜನ 15 ವರ್ಷ ತುಂಬದ ಮಕ್ಕಳು. ಅಂದರೆ ಮೂವರಲ್ಲಿ ಒಬ್ಬರು ನಮ್ಮಂಥವರು! ಪಟ್ಟಣದಲ್ಲಿರುವವರು ಅರ್ಧಕ್ಕಿಂತ ತುಸು ಹೆಚ್ಚು. ಏಳು ವರ್ಷ ದಾಟಿದವರಲ್ಲಿ ಓದುಬರಹ ಬರುವವರು ನೂರಕ್ಕೆ 81.

ದೇಶದಲ್ಲಿ ಒಟ್ಟು 25 ಭಾಷೆಗಳು: 22 ಮಾಯಾ ಭಾಷೆ, ಶಿಂಕಾ, ಗರಿಫುನಾ ಮತ್ತು ಸ್ಪ್ಯಾನಿಷ್. ಕಿಚೆ ಮಾತಾಡುವವನಿಗೆ ಕೆಕ್ಚಿ ಅರ್ಥವಾಗುವುದಿಲ್ಲ. ಬಹಳ ಕಾಲ ಶಾಲೆ, ಕಚೇರಿ, ಕೋರ್ಟು ಎಲ್ಲಾ ಸ್ಪ್ಯಾನಿಷ್‌ನಲ್ಲೇ. ಮೊದಲನೇ ಕ್ಲಾಸಿಗೆ ಬಂದ ಮಗುವಿಗೆ ಮೇಷ್ಟ್ರು ಹೇಳುವ ಒಂದು ಮಾತೂ ತಿಳಿಯದೆ ಇದ್ದರೆ ಅದರ ಗತಿ ಏನು? 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಮಾನ್ಯತೆ ಸಿಕ್ಕಿತು. 2003ರಲ್ಲಿ ಈ ಎಲ್ಲ ಭಾಷೆಗಳನ್ನೂ ರಾಷ್ಟ್ರಭಾಷೆಗಳು ಅಂತ ಒಪ್ಪುವ ಕಾನೂನು ಬಂತು. ಆದರೂ ಆಡಳಿತ ಭಾಷೆಯಾಗಿ ಉಳಿದದ್ದು ಸ್ಪ್ಯಾನಿಷ್ ಒಂದೇ.

ಇನ್ನೊಂದು ದುಃಖದ ಅಂಕಿ ಇದೆ. 2014-15ರ ಸಮೀಕ್ಷೆಯಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 46 ಮಕ್ಕಳು ಸರಿಯಾದ ಊಟವಿಲ್ಲದೆ ವಯಸ್ಸಿಗೆ ತಕ್ಕಷ್ಟು ಎತ್ತರ ಬೆಳೆದಿರಲಿಲ್ಲ. ಮಾಯಾ ಮಕ್ಕಳಲ್ಲಿ ಇದು ಇನ್ನೂ ಹೆಚ್ಚು. ಹೊಟ್ಟೆಪಾಡಿಗೆ ಎಷ್ಟೋ ಜನ ಅಮೆರಿಕಕ್ಕೆ ಹೋಗಿ, ಅಲ್ಲಿಂದ ಮನೆಗೆ ದುಡ್ಡು ಕಳಿಸುತ್ತಾರೆ.

ಏಲಕ್ಕಿ ಅಲ್ಲಿಗೆ ಹೋದದ್ದು

ಏಲಕ್ಕಿಯ ತೌರುಮನೆ ನಮ್ಮ ಪಶ್ಚಿಮ ಘಟ್ಟ. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಒಬ್ಬ ಜರ್ಮನ್ ತೋಟಗಾರ ಅದರ ಬೀಜ ತರಿಸಿ ಕೋಬಾನ್ ಹತ್ತಿರ ಹಾಕಿದ. ಅದೇ ಅಕ್ಷಾಂಶ, ಅದೇ ನೆರಳು, ಅದೇ ಜಿಟಿಜಿಟಿ ಮಳೆ. ಗಿಡಕ್ಕೆ ತವರಿಗೆ ಬಂದ ಹಾಗೇ ಆಯಿತು. ಇಲ್ಲಿ ಕಟ್ಟೆ ರೋಗ ನಮ್ಮ ತೋಟಗಳನ್ನು ತಿನ್ನುತ್ತಿದ್ದಾಗ ಅಲ್ಲಿ ಬೆಳೆ ಹೆಚ್ಚುತ್ತಾ ಹೋಯಿತು. ಒಂದು ಕಾಲದಲ್ಲಿ ಏಲಕ್ಕಿ ರಫ್ತಿನಲ್ಲಿ ಭಾರತವೇ ಮೊದಲು. ಆ ಜಾಗವನ್ನು ಗ್ವಾಟೆಮಾಲ ಹಿಡಿಯಿತು. ಅರಬ್ ದೇಶದವರು ಕಾಫಿಗೆ ಏಲಕ್ಕಿ ಹಾಕಿ ಕುಡಿಯುತ್ತಾರೆ. ಅಲ್ಲಿನ ಮಾರುಕಟ್ಟೆಗೆ ಗ್ವಾಟೆಮಾಲದ ಮಾಲು ಅಗ್ಗಕ್ಕೆ ಹೋದರೆ ನಮ್ಮ ಮಾಲಿಗೆ ಬೆಲೆ ಇಳಿಯುತ್ತದೆ. ಅಪ್ಪನಿಗೆ ವ್ಯಾಪಾರಿ ಹೇಳಿದ್ದು ಇದನ್ನೇ.

ಆದರೆ ಅಲ್ಲಿ ಏಲಕ್ಕಿ ಬೆಳೆಯುವವರು ಯಾರು? ಹೆಚ್ಚಿನವರು ಕೆಕ್ಚಿ ಜನ, ಮಾಕಿನ್ ಅಮ್ಮನ ಜನ. ಬೆಟ್ಟದ ಓರೆಯಲ್ಲಿ ಚೂರುಪಾರು ಜಮೀನು ಮಾಡಿಕೊಂಡು, ತಿನ್ನಲು ಮೆಕ್ಕೆಜೋಳ, ಮಾರಲು ಏಲಕ್ಕಿ ಬೆಳೆಯುತ್ತಾರೆ. ಅವರ ಅಡುಗೆಗೆ ಏಲಕ್ಕಿ ಹಾಕುವ ರೂಢಿಯೇ ಇಲ್ಲ! ನಮ್ಮಲ್ಲಿ ಏಲಕ್ಕಿ ಅಂದರೆ ಪಾಯಸ, ಹೋಳಿಗೆ, ಹಾವೇರಿಯ ಏಲಕ್ಕಿ ಹಾರ. ಅವರಿಗೆ ಏಲಕ್ಕಿ ಅಂದರೆ ಬರೀ ರೇಟು. ಒಣಗಿಸುವ ಗೂಡು ಇಲ್ಲದವರು ಹಸಿ ಕಾಯನ್ನೇ ದಲ್ಲಾಳಿಗೆ ಕೊಟ್ಟುಬಿಡಬೇಕು. ಆ ದಲ್ಲಾಳಿಗೆ ಅಲ್ಲಿಯವರು 'ಕೊಯೊತೆ' ಅನ್ನುತ್ತಾರೆ. ಕೊಯೊತೆ ಅಂದರೆ ನಮ್ಮ ನರಿಯಂಥ ಒಂದು ಪ್ರಾಣಿ. ರೇಟು ಬಿದ್ದ ದಿನ ಅವರ ಮನೆಯ ಜಗಲಿಯಲ್ಲೂ ಒಬ್ಬ ಅಪ್ಪ ಸಪ್ಪಗೆ ಕೂತಿರುತ್ತಾನೆ.

ಕೊನೆಯ ಮಾತು

2023ರಲ್ಲಿ ಗ್ವಾಟೆಮಾಲದಲ್ಲಿ ಚುನಾವಣೆ ನಡೆಯಿತು. ಗೆದ್ದವರು ಬೆರ್ನಾರ್ದೊ ಅರೆವಾಲೊ. 1945ರಲ್ಲಿ ಅಧ್ಯಕ್ಷರಾಗಿದ್ದರಲ್ಲ ಆ ಮೇಷ್ಟ್ರು, ಅವರ ಮಗ. ಅವರು ಅಧಿಕಾರಕ್ಕೆ ಬರದ ಹಾಗೆ ಮಾಡಲು ಕೆಲವರು ಬಹಳ ಪ್ರಯತ್ನಪಟ್ಟರು. ಆಗ ಮಾಯಾ ಊರುಗಳ ಹಿರಿಯರು "ನಮ್ಮ ಓಟಿಗೆ ಬೆಲೆ ಬೇಕು" ಅಂತ ರಾಜಧಾನಿಗೆ ಬಂದು ನೂರು ದಿನಕ್ಕಿಂತ ಹೆಚ್ಚು ಕಾಲ ಬೀದಿಯಲ್ಲೇ ಕೂತರು. 2024ರ ಜನವರಿಯಲ್ಲಿ ಅರೆವಾಲೊ ಪ್ರಮಾಣವಚನ ತಗೊಂಡರು. ಯಾರ ಮಾತನ್ನು ದೇಶ ಇಷ್ಟು ಕಾಲ ಕೇಳಲಿಲ್ಲವೋ ಅವರೇ ದೇಶದ ಓಟನ್ನು ಕಾಪಾಡಿದರು.

ಇದನ್ನೆಲ್ಲ ನಾನು ಅಪ್ಪನಿಗೂ ಅಜ್ಜಿಗೂ ಹೇಳಿದೆ. ಅಪ್ಪ ಸುಮ್ಮನೆ ಕೇಳಿಸಿಕೊಂಡರು. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು, "ಹಾಗಾದರೆ ಅವರೂ ನಮ್ಮ ಹಾಗೇನೇ ಅನ್ನು. ಆ ನರಿ ಯಾವುದೋ ಅದನ್ನು ಬೈಯಬೇಕಾಗಿತ್ತು" ಅಂದರು. ರೇಟು ಇದರಿಂದ ಮೇಲೇನೂ ಏರುವುದಿಲ್ಲ. ಆದರೆ ನಮ್ಮ ಮನೆಯಲ್ಲಿ ಆ ಊರಿನವರಿಗೆ ಬೈಯುವುದು ನಿಂತಿದೆ.

(ಲೆಕ್ಕದ ಉತ್ತರ: ಮೇಲೆ ಮೂರು ಚುಕ್ಕೆ ಅಂದರೆ ಮೂರು ಇಪ್ಪತ್ತು, 60. ಕೆಳಗೆ ಎರಡು ಗೆರೆ ಅಂದರೆ 10. ಒಟ್ಟು 70. ಸರಿ ಮಾಡಿದವರಿಗೆ ಅಭಿನಂದನೆಗಳು. ಲೇಖನದಲ್ಲಿ ತಪ್ಪಿದ್ದರೆ ಗುರುಗಳು ತಿದ್ದಬೇಕಾಗಿ ವಿನಂತಿ.)